ಅಮ್ಮಣ್ಣಿಯ ದೋಣಿಗೆ ಮರ

೧೯೬೧ರ ಏಪ್ರಿಲ್ ಕೊನೆಗೆ ಮೋನಪ್ಪ ರೈಲ್ವೆ ಬೋಗಿ ಕಾರ್ಖಾನೆಯ ಬಡಗಿ ಕೆಲಸದಿಂದ ನಿವೃತ್ತನಾದ. ಪೆರಂಬೂರಿನ ಕ್ವಾರ್ಟರ್ಸು ಖಾಲಿ ಮಾಡಲು ಮೂರು ತಿಂಗಳ ಗಡುವಿತ್ತು. ಹಾರ ಹಾಕಿಸಿಕೊಂಡು ಅವನು ಮನೆಗೆ ಬಂದಾಗ ಹೆಂಡತಿ ಅಮ್ಮಣ್ಣಿ ಆಗಲೇ ಕಬ್ಬಿಣದ ಟ್ರಂಕು ಕೆಳಗಿಳಿಸಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಹ್ವಾಯ್, ರೈಲ್ ಯಾವತ್ತಿಂದ್?" ಎಂದು ಕೇಳಿದಳು.

ಮೋನಪ್ಪ ಹಾರವನ್ನು ಮೊಳೆಗೆ ತೂಗುಹಾಕಿ, ಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದ.

ಗಂಗೊಳ್ಳಿ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ ಹುಟ್ಟಿದವಳು ಅಮ್ಮಣ್ಣಿ. ಸುತ್ತ ನೀರು, ನಡುವೆ ಹತ್ತು ಮನೆ, ತೆಂಗು. ಅವಳಪ್ಪ ಕಡವಿನವ, ಜನರನ್ನು ಆಚೆ ದಡಕ್ಕೆ ದಾಟಿಸುವುದೂ ದೋಣಿ ಕಟ್ಟುವುದೂ ಅವನ ಕಸುಬು. ಅವನಿಗೆ ಜ್ವರ ಬಂದ ದಿನ ಹತ್ತು ವರ್ಷದ ಅಮ್ಮಣ್ಣಿಯೇ ಹುಟ್ಟು ಹಾಕುತ್ತಿದ್ದಳು. ಘಟ್ಟದ ಬುಡದ ಊರಿನ ಮೋನಪ್ಪನನ್ನು ಮದುವೆಯಾಗಿ ಮೂರನೇ ದಿನಕ್ಕೆ ಮದರಾಸಿನ ರೈಲು ಹತ್ತಿದಳು. ಆ ರೈಲಿನಲ್ಲಿ ಅವಳು ಅತ್ತಾಗ ಮೋನಪ್ಪ ಹೇಳಿದ್ದ: "ಪೆನ್ಶನ್ ಆದ್ ದಿನವೇ ನಿನ್ನ ಕುದ್ರುವಿಗೆ ಹೋಪ. ನನ್ನಾಣೆ." ಮೂವತ್ತೆರಡು ವರ್ಷದಲ್ಲಿ ನಾಲ್ಕು ಸಲ ಊರಿಗೆ ಹೋಗಿ ಬಂದಿದ್ದರು, ಅದೂ ಯಾರದೋ ಮದುವೆಗೆ, ಸತ್ತವರ ಬೊಜ್ಜಕ್ಕೆ.

ರಾತ್ರಿಯ ಊಟಕ್ಕೆ ಕುಳಿತಾಗ ಮಗ ಕೃಷ್ಣರಾಜನೇ ಸುದ್ದಿ ಹೇಳಿದ. ಅವನು ವಿಮಾ ಕಂಪೆನಿಯಲ್ಲಿ ಗುಮಾಸ್ತ.

"ಅಮ್ಮ, ಕ್ರೋಂಪೇಟೆಯಲ್ಲಿ ಸೈಟ್ ರಿಜಿಸ್ಟರ್ ಆಯ್ತು. ಸ್ಟೇಷನ್ನಿಂದ ಹತ್ತು ನಿಮಿಷ. ಹಿಂದುಗಡೆ ಏರಿ ಇದೆ, ಗಾಳಿ ಚೆನ್ನಾಗಿ ಬರುತ್ತೆ."

"ಯಾರ್ ದುಡ್ಡಿನಂಗೆ?"

ಕೃಷ್ಣರಾಜ ತಂದೆಯ ಕಡೆ ನೋಡಿದ. ಮೋನಪ್ಪ ಸಾರನ್ನ ಕಲಸುತ್ತಲೇ ಇದ್ದ.

"ಅಪ್ಪನ ಪ್ರಾವಿಡೆಂಟ್ ಫಂಡ್," ಎಂದ ಕೃಷ್ಣರಾಜ. "ಇನ್ನು ಗೋಡೆ ಎಬ್ಬಿಸೋದಕ್ಕೆ ನನ್ನ ಲೋನ್ ಸಾಕು. ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಮ್ಮ. ಅಲ್ಲಿ ಡಾಕ್ಟರ್ ಬೇಕಂದ್ರೂ ಹೊಳೆ ದಾಟಬೇಕು. ನಿಮ್ಮಿಬ್ಬರನ್ನ ಅಲ್ಲಿ ಯಾರು ನೋಡ್ಕೋತಾರೆ?"

ಅಮ್ಮಣ್ಣಿ ಮೊಮ್ಮಗಳು ಸುಮತಿಯ ತಟ್ಟೆಗೆ ಮೊಸರು ಬಡಿಸಿದಳು. ಸೊಸೆ ವಿನೋದಾಳ ತಟ್ಟೆಗೂ ಬಡಿಸಿದಳು. ಗಂಡನ ತಟ್ಟೆಯ ಹತ್ತಿರ ಮೊಸರಿನ ಪಾತ್ರೆಯನ್ನು ಇಟ್ಟು ಎದ್ದುಹೋದಳು. ಬಡಿಸಲಿಲ್ಲ.

ಹನ್ನೊಂದು ದಿನ ಅವಳು ಮೋನಪ್ಪನ ಜೊತೆ ಮಾತಾಡಲಿಲ್ಲ. ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬಿಸಿನೀರು ಬರುತ್ತಿತ್ತು, ಮಾತು ಮಾತ್ರ ಇಲ್ಲ. ಹನ್ನೆರಡನೆಯ ದಿನ ಮೋನಪ್ಪ ಅಡುಗೆಮನೆಯ ಹೊಸಿಲಲ್ಲಿ ಕುಳಿತು ಹೇಳಿದ: "ಅಮ್ಮಣ್ಣಿ, ಆ ಸೈಟಿನ ಹಿಂದೆ ದೊಡ್ಡ ಕೆರೆ ಇತ್ತ್. ನಾ ಕಂಡ್ಕಂಡ್ ಬಂದೆ. ನಿಂಗೊಂದು ದೋಣಿ ಮಾಡಿಕೊಡ್ತೆ. ಸಣ್ಣದ್. ನೀನೇ ಹುಟ್ಟು ಹಾಕುವಂಥದ್ದ್."

ಅಮ್ಮಣ್ಣಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಕೊನೆಯ ಕಾಯಿ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಕೇಳಿದಳು:

"ಯಾವ ಮರದ್ದ್?"

*

ಮೋನಪ್ಪನಿಗೆ ಇದೊಂದು ಪ್ರಶ್ನೆ ಎಂದೇ ಅನಿಸಿರಲಿಲ್ಲ. ಮರುವಾರ ರೈಲ್ವೆ ಹರಾಜಿನಲ್ಲಿ ಹಳೇ ಬೋಗಿಯ ತೇಗದ ಹಲಗೆಗಳನ್ನು ಕೊಂಡು, ಕೈಗಾಡಿಯಲ್ಲಿ ಹಾಕಿಸಿಕೊಂಡು ಗೆದ್ದವನಂತೆ ಬಂದ.

"ಬರ್ಮಾ ತೇಗ. ಬ್ರಿಟಿಷರ ಕಾಲದ್ದ್. ಇನ್ನೂ ನೂರು ವರ್ಷ ಎಂತ ಆತಿಲ್ಲೆ."

ಅಮ್ಮಣ್ಣಿ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಉದ್ದಕ್ಕೂ ಸ್ಕ್ರೂ ಕಿತ್ತ ತೂತುಗಳು.

"ಇದ್ ಜನ ಕೂಕಂಡ್ ಹೋದ ಮರ. ತೂತು ಎಷ್ಟಿತ್ತ್ ಲೆಕ್ಕ ಮಾಡಿ. ಒಂದೊಂದ್ ತೂತೂ ಹೊಳೆಗೆ ಒಂದೊಂದ್ ಬಾಗಿಲ್."

"ಬೆಣೆ ಹೊಡೆದು ಮುಚ್ಚುವ."

"ಬೋಗಿಯಲ್ಲಿ ಮುಚ್ಚಿ. ದೋಣಿಯಲ್ಲಿ ಅಲ್ಲ."

ತೇಗದ ಹಲಗೆ ಮಂಚದ ಕೆಳಗೆ ಸೇರಿತು. ಅಮ್ಮಣ್ಣಿ ಅಂದಿನಿಂದ ತಾನೇ ಹೊರಟಳು. ಮನೆ ಕೆಲಸ ಮುಗಿಸಿ, ಹನ್ನೊಂದು ಗಂಟೆಗೆ ಮೋನಪ್ಪನನ್ನು ಕರೆದುಕೊಂಡು ಸೌದೆ ಮಂಡಿ, ಮರದ ಡಿಪೋ, ಹಾರ್ಬರಿನ ಹತ್ತಿರ ಪೆಟ್ಟಿಗೆ ಹಲಗೆ ಮಾರುವವರ ಬಳಿ ಅಲೆದಳು. ತ್ರಿಪ್ಲಿಕೇನಿನ ಆಚೆ ಕಡಲ ದಂಡೆಗೂ ಹೋದಳು. ಅಲ್ಲಿನ ಬೆಸ್ತರ ದೊಡ್ಡ ದೋಣಿಗಳಿಗೆ ಒಂದೂ ಮೊಳೆಯಿರಲಿಲ್ಲ, ಮಾವಿನ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದಿದ್ದರು. ತನ್ನ ಅರೆಬರೆ ತಮಿಳಿನಲ್ಲಿ ಅವರೊಡನೆ ಒಂದು ತಾಸು ಮಾತಾಡಿ, ಒಂದು ತುಂಡು ಮಾವಿನ ಮರ ಕೇಳಿ ತಂದಳು. ಯಾವ ಅಂಗಡಿಗೆ ಹೋದರೂ ಸೆರಗಿನಲ್ಲಿ ಗೇಣುದ್ದದ ಒಂದು ಚೂರು ಕಟ್ಟಿಕೊಂಡೇ ಬರುತ್ತಿದ್ದಳು.

ಆ ಚೂರುಗಳೆಲ್ಲ ಬಚ್ಚಲಿನ ಎರಡು ಬಕೆಟ್ಟುಗಳಲ್ಲಿ ಮುಳುಗಿದವು. ಮೇಲೆ ತೇಲದಂತೆ ಒಂದೊಂದು ಕಲ್ಲು.

ಮದರಾಸಿನ ಮೇ ತಿಂಗಳು. ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ ನೀರು, ಅದೂ ನೂಲಿನಂತೆ.

"ಅತ್ತೆ, ಬಕೆಟ್ ಬೇಕು," ಎಂದಳು ವಿನೋದಾ. "ನಲ್ಲಿಯ ತಣ್ಣಿ ನಿಂತು ಹೋಗುತ್ತೆ."

"ಇನ್ನೂ ಮೂರ್ ದಿನ ಆಯ್ಕ್. ಯಾವ ಮರ ಎಷ್ಟ್ ನೀರ್ ಕುಡಿತ್ತ್ ಅಂತ ಕಾಣ್ಕ್."

"ನಮಗೆ ಕುಡಿಯೋದಕ್ಕೇ ಇಲ್ಲ, ಮರಕ್ಕೆ ಕುಡಿಸ್ತಿದೀರಾ?"

ಸುಮತಿ ಬಗ್ಗಿ ಬಕೆಟ್ಟಿನೊಳಗೆ ನೋಡಿ, "ಪಾಟಿ, ಇದು ಕೊಳಂಬಾ?" ಎಂದಳು. ಸಾರಿನ ಹೋಳುಗಳಂತೆ ಕಂಡವೋ ಏನೋ. ವಿನೋದಾಳಿಗೂ ನಗು ಬಂತು. ಕೃಷ್ಣರಾಜ ಮಾತ್ರ ನಗಲಿಲ್ಲ. ಅವನು ಟವೆಲು ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದ.

"ಅಪ್ಪ, ಇದೇನು ಆಟ? ಎಂಟೂ ಹತ್ತರ ಟ್ರೈನ್ ತಪ್ಪಿದ್ರೆ ಹಾಫ್ ಡೇ ಲೀವ್ ಕಟ್. ಮೊದಲು ಮನೆಗೆ ಮರ ನೋಡಿ. ಬಾಗಿಲು ಕಿಟಕಿಗೆ ಮರ ನೋಡಿ. ದೋಣಿಯಂತೆ ದೋಣಿ!"

"ನಿನ್ನ ಮನೆಗೆ ನೀ ಕಾಣ್," ಎಂದಳು ಅಮ್ಮಣ್ಣಿ, ಮಾವಿನ ಚೂರನ್ನು ಎತ್ತಿ ಅಂಗೈಯಲ್ಲಿ ತೂಗುತ್ತ. "ಇದ್ ಎರಡು ಮಳೆಗಾಲಕ್ಕೆ ಕೊಳೆತು ಕುಂಬಾತ್ತ್."

ಕೃಷ್ಣರಾಜ ಸ್ನಾನವಿಲ್ಲದೆ ಹೋದ. ಸಂಜೆ ಬಂದು ಊಟ ಬೇಡ ಎಂದ. ವಿನೋದಾ ಪಾತ್ರೆಗಳನ್ನು ಜೋರಾಗಿ ಇಟ್ಟಳು. ಮೋನಪ್ಪ ಎಲ್ಲರ ಮುಖ ನೋಡಿ, ಮೆಲ್ಲಗೆ ಹೆಂಡತಿಗೆ ಹೇಳಿದ: "ಯಾವುದೋ ಒಂದು ಮರ ಆಯ್ಕೊ ಮಾರಾಯ್ತಿ. ಕೆರೆಯಲ್ಲಿ ತೇಲುವ ದೋಣಿಗೆ ಇಷ್ಟೆಲ್ಲ ಎಂತಕೆ?"

"ಒಂದ್ ಸಲ ನೀವ್ ನನ್ನ ಕೇಳದೆ ಆಯ್ಕಂಡ್ರಿ," ಎಂದಳು ಅಮ್ಮಣ್ಣಿ. "ಈ ಸಲ ನಾ ಆಯ್ತೆ."

ಪೆಟ್ಟಿಗೆಯ ಬಿಳಿ ಮರ ಮೂರೇ ದಿನಕ್ಕೆ ಹತ್ತಿಯಂತೆ ನೀರು ಹೀರಿತ್ತು. ಹೊನ್ನೆ ಗಟ್ಟಿ, ಆದರೆ ಭಾರ. ತನ್ನೊಬ್ಬಳ ಕೈಗೆ ಆಗುವಂಥದ್ದಲ್ಲ ಎಂದಳು. ಉಳಿದವನ್ನು ವಿನೋದಾಳ ಒಲೆಗೆ ಕೊಟ್ಟಳು.

*

ಜುಲೈ ಮೊದಲ ವಾರ, ಬೇಸಿನ್ ಬ್ರಿಡ್ಜಿನ ಹತ್ತಿರದ ಒಂದು ಮರದ ಡಿಪೋದಲ್ಲಿ ಆ ಹುಡುಕಾಟ ಮುಗಿಯಿತು. ಯಜಮಾನ ತಿರುಮಲ ನಾಯ್ಕರ್ ದಪ್ಪ ಮನುಷ್ಯ, ಬಾಯಿ ತುಂಬ ವೀಳ್ಯ. ಅಮ್ಮಣ್ಣಿ ಅಲ್ಲಿಗೆ ಬರುತ್ತಿದ್ದದ್ದು ನಾಲ್ಕನೆಯ ಸಲ. ಅವನು ನಗುತ್ತ, "ವಾಂಗಮ್ಮಾ, ಇವತ್ತು ಯಾವ ಮರಕ್ಕೆ ಬೈತೀರಿ?" ಎಂದ.

ಹಿಂಬದಿಯಲ್ಲಿ ಗೂಡ್ಸಿನಿಂದ ಇಳಿಸಿದ ದಿಮ್ಮಿಗಳು ಹಾಗೇ ಬಿದ್ದಿದ್ದವು. ಅಮ್ಮಣ್ಣಿ ಅವುಗಳ ನಡುವೆ ನಡೆದಳು, ಒಂದರ ಮುಂದೆ ನಿಂತಳು, ಉಗುರಿನಿಂದ ಕೆರೆದಳು. ಒಳಗಿನಿಂದ ಹಳದಿ ಬಣ್ಣ ಕಂಡಿತು. ಬಗ್ಗಿ ಮೂಸಿದಳು. ಬಗ್ಗಿದವಳು ಬೇಗ ಏಳಲಿಲ್ಲ. ಮೋನಪ್ಪ ಹತ್ತಿರ ಬಂದು ನೋಡಿದರೆ, ಅವಳು ದಿಮ್ಮಿಗೆ ಕೆನ್ನೆ ಇಟ್ಟು ಅಳುತ್ತಿದ್ದಳು.

"ಹೆಬ್ಬಲಸು," ಎಂದಳು. "ಅಪ್ಪಯ್ಯನ ಮೈ ವಾಸನೆ."

"ಅದು ಅಯಿನಿ ಅಮ್ಮಾ," ಎಂದ ನಾಯ್ಕರ್, ಗಲಿಬಿಲಿಗೊಂಡು. "ಮಂಗಳೂರು ಕಡೆಯದು. ಬಾಗಿಲ ಚೌಕಟ್ಟಿಗೆ ಅಂತ ತರಿಸಿದ್ದು."

"ಚೌಕಟ್ಟಿಗೆ ಬೇರೆ ಕೊಡಿ. ಇದನ್ನ ನಾ ಹೇಳಿದ ಹಾಂಗೆ ಸೀಳಿಸಿ."

ಗರಗಸದ ಪಕ್ಕ ನಿಂತು ಸೀಳಿಸಿದಳು. ಗಂಟು ಇಲ್ಲದ ಆರು ಉದ್ದನೆಯ ಹಲಗೆ. ದೋಣಿಯ ಒಳಮೈಗೆ ಪಕ್ಕೆಲುಬಿನಂಥ ಏಣು ಕೊಡಲು ತಾನಾಗಿಯೇ ಬಾಗಿ ಬೆಳೆದ ಎರಡು ಕೊಂಬೆ. ಗರಗಸದಿಂದ ಉದುರಿದ ಹುಡಿಯನ್ನೂ ಬಿಡದೆ ಸೆರಗಿಗೆ ತುಂಬಿಕೊಂಡಳು.

ಜುಲೈ ಕೊನೆಗೆ ಮನೆ ಕ್ರೋಂಪೇಟೆಗೆ ಬದಲಾಯಿತು. ಎರಡು ಕೋಣೆಗೆ ಮಾತ್ರ ತಾರಸಿ ಬಿದ್ದಿತ್ತು. ಉಳಿದ ಕಡೆ ಗೋಡೆ ಸೊಂಟದೆತ್ತರ. ಗಾಳಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅದು ತಿರುಗಿದ ದಿನ ತೊಗಲು ಹದ ಮಾಡುವ ಕಾರ್ಖಾನೆಗಳ ನಾತವೂ ಜೊತೆಗೆ ಬರುತ್ತಿತ್ತು. ಹಿತ್ತಲಿನ ಆಚೆ ಕೆರೆ. ತಮಿಳರಿಗೆ ಏರಿ ಎಂದರೆ ಕೆರೆಯೇ ಎಂದು ತಿಳಿದಾಗ ಅಮ್ಮಣ್ಣಿ ಹೇಳಿದಳು: "ನಮ್ಮಲ್ಲಿ ಏರಿ ಅಂದ್ರೆ ಬರೀ ದಂಡೆ." ಆಗ ಅದು ನಿಜಕ್ಕೂ ದಂಡೆಯೇ ಆಗಿತ್ತು, ನಡುವೆ ಒಂದಿಷ್ಟು ನೀರು, ಎಮ್ಮೆ.

ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು ಭಾನುವಾರ ಮೇಸ್ತ್ರಿ ಬಂದು ಅವನ್ನು ತಟ್ಟಿ ನೋಡಿ, "ಇಂಥ ಅಯಿನಿ ಇಟ್ಕೊಂಡು ಬಾಗಿಲಿಗೆ ಮತ್ತೆ ಯಾಕೆ ಖರ್ಚು?" ಎಂದ. ಕೃಷ್ಣರಾಜನಿಗೆ ಅಷ್ಟು ಸಾಕಾಯಿತು.

"ಅಪ್ಪ, ಇದರಲ್ಲಿ ಮುಂಬಾಗಿಲು ಮಾಡಿಸೋಣ. ಗೃಹಪ್ರವೇಶಕ್ಕೆ ಆಫೀಸಿನವರೆಲ್ಲ ಬರ್ತಾರೆ. ಅಮ್ಮನಿಗೆ ಆ ತೇಗದ ಹಲಗೆ ಇದ್ಯಲ್ಲ, ಅದರಲ್ಲೇ ಏನೋ ಒಂದು ಮಾಡಿ ಕೊಟ್ರಾಯ್ತು."

"ಕೃಷ್ಣ—"

"ಏನಪ್ಪ? ಐವತ್ತು ವರ್ಷದ ಹೆಂಗಸು ಕೆರೆಯಲ್ಲಿ ದೋಣಿ ಬಿಟ್ರೆ ಊರವರು ನಗಲ್ವಾ? ಮನೆ ಮುಖ್ಯವೋ ದೋಣಿ ಮುಖ್ಯವೋ?"

ಅಮ್ಮಣ್ಣಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳುತ್ತಿತ್ತು. ಮೊರದ ಸದ್ದು ನಿಂತಿತು.

ಮೋನಪ್ಪ ಮಗನಿಗೆ ಎದುರಾಡಿದವನಲ್ಲ. ಮಗ ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲ ಎಂಬ ಒಂದೇ ಕಾರಣಕ್ಕೆ ಎಷ್ಟೋ ವರ್ಷದಿಂದ ಅವನ ಮಾತೇ ಮಾತು. ಆದರೆ ಈಗ ಎದ್ದು ಹೋಗಿ ಹಲಗೆಗಳ ಮುಂದೆ ನಿಂತ.

"ಸೈಟನ್ನ ಅವಳನ್ನ ಕೇಳದೆ ತಕಂಡೆ. ಅದ್ ನನ್ನ ತಪ್ಪು. ಮರವನ್ನ ಅವಳನ್ನ ಕೇಳದೆ ಕೊಡುದಿಲ್ಲೆ."

"ಹಾಗಾದ್ರೆ ಕೇಳಿ!"

"ನೀನೇ ಕೇಳ್."

ಕೃಷ್ಣರಾಜ ಒಳಗೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿ ಸ್ಟೇಷನ್ ಕಡೆ ನಡೆದುಬಿಟ್ಟ. ಎರಡು ದಿನ ಕಳೆದು ಮಂಚದ ಕೆಳಗಿನ ತೇಗದ ಹಲಗೆಗಳನ್ನು ತಾನೇ ಎಳೆದು ಹಾಕಿ, "ಇದಕ್ಕೆ ತೂತು ಮುಚ್ಚಿದ್ರೆ ಬಾಗಿಲಿಗೆ ಆಗುತ್ತಾ ನೋಡಪ್ಪ" ಎಂದ. ಆಯಿತು. ಒಳ್ಳೆಯ ಬಾಗಿಲೇ ಆಯಿತು.

*

ದೋಣಿಯ ಕೆಲಸ ಸೆಪ್ಟೆಂಬರಿನಲ್ಲಿ ಶುರುವಾಯಿತು. ಹತ್ತೂವರೆ ಅಡಿ ಉದ್ದ. ಮೋನಪ್ಪ ಬೆಂಚು, ಕಪಾಟು, ಬೋಗಿಯ ಬಾಗಿಲು ಮಾಡಿದವನು. ಅವನ ಕೈಗೆ ನೇರ ಗೆರೆ ಗೊತ್ತು, ಬಾಗು ಗೊತ್ತಿಲ್ಲ. ಅಮ್ಮಣ್ಣಿ ಹಲಗೆಗೆ ನೀರು ಚಿಮುಕಿಸಿ, ಕೆಳಗೆ ತೆಂಗಿನ ಗರಿಯ ಬೆಂಕಿ ಹಾಕಿ, ಎರಡು ಗೂಟದ ನಡುವೆ ಮೆಲ್ಲಮೆಲ್ಲಗೆ ಬಗ್ಗಿಸುವುದನ್ನು ತೋರಿಸಿದಳು. "ಅವಸರ ಮಾಡಬೇಡಿ. ಅದ್ ಬಗ್ಗುವಷ್ಟೇ ಬಗ್ಗಿಸಿ," ಎನ್ನುತ್ತಿದ್ದಳು. ಕಬ್ಬಿಣದ ಮೊಳೆ ಕೂಡದು, ತುಕ್ಕು ಹಿಡಿದು ಮರವನ್ನೇ ತಿನ್ನುತ್ತದೆ; ತಾಮ್ರದ್ದೇ ಆಗಬೇಕು ಎಂದಳು. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೇಲೆ ರಾಳ ಕಾಯಿಸಿ ಹಾಕಿದಳು. ವಿನೋದಾಳ ಹಳೆಯ ಉಪ್ಪಿಟ್ಟಿನ ಬಾಣಲೆ ಅದಕ್ಕೇ ಬಲಿಯಾಯಿತು.

ಕೊನೆಗೆ ಬಳಿಯಲು ಗೇರೆಣ್ಣೆ. ಅದಕ್ಕೆ ಅವಳು ಕುದ್ರುವಿನಲ್ಲಿದ್ದ ತಮ್ಮ ಶೀನನಿಗೆ ಕಾಗದ ಹಾಕಿಸಿದಳು. ರೈಲ್ವೆ ಪಾರ್ಸಲಿನಲ್ಲಿ ಒಂದು ಡಬ್ಬ ಬಂತು. ಕಪ್ಪು, ದಪ್ಪ, ಮೈಗೆ ತಾಗಿದರೆ ಸುಡುವ ಎಣ್ಣೆ. ಬೇಡವೆಂದರೂ ಕೇಳದೆ ಮೋನಪ್ಪ ಬರಿಗೈಯಲ್ಲಿ ಬಳಿದು, ಎರಡೂ ಅಂಗೈಯಲ್ಲಿ ಬೊಕ್ಕೆ ಎಬ್ಬಿಸಿಕೊಂಡ. ಒಂದು ವಾರ ಅಮ್ಮಣ್ಣಿಯೇ ಅವನಿಗೆ ತುತ್ತು ಮಾಡಿ ಉಣ್ಣಿಸಿದಳು. ಸುಮತಿ ನಗುತ್ತ, "ತಾತಾ ಚಿಕ್ಕ ಪಾಪು!" ಎಂದು ಕೂಗಿಕೊಂಡು ಓಡಿದಳು.

ನವೆಂಬರಿನ ಮಳೆಗೆ ಕೆರೆ ತುಂಬಿತು. ಒಂದು ಬೆಳಿಗ್ಗೆ ನಾಲ್ಕು ಜನ ಸೇರಿ ದೋಣಿಯನ್ನು ಹೊತ್ತು ನೀರಿಗೆ ಇಳಿಸಿದರು. ಕೃಷ್ಣರಾಜನೂ ಒಂದು ಹೆಗಲು ಕೊಟ್ಟ. ದಂಡೆಯ ಮೇಲೆ ಜನ ಸೇರಿತ್ತು. ಅಮ್ಮಣ್ಣಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ದೋಣಿಯನ್ನು ಒಂದು ಸಲ ನೂಕಿದಳು, ಅದು ಹೊರಟ ಮೇಲೆ ಹತ್ತಿದಳು. ಎರಡು ಹುಟ್ಟಿನಲ್ಲಿ ದಂಡೆ ದೂರವಾಯಿತು. ಮೂವತ್ತೆರಡು ವರ್ಷ ಅವಳು ರುಬ್ಬಿದ್ದನ್ನೂ ಒಗೆದದ್ದನ್ನೂ ಮಾತ್ರ ಕಂಡಿದ್ದ ಮೋನಪ್ಪ ಬಾಯಿ ತೆರೆದು ನಿಂತ. ವಿನೋದಾ ಮೆಲ್ಲಗೆ, "ಅಯ್ಯೋ, ಇವರಿಗೆ ಇಷ್ಟೆಲ್ಲ ಬರ್ತಿತ್ತಾ?" ಎಂದಳು.

ಅಮ್ಮಣ್ಣಿ ಕೆರೆಯ ನಡುವೆ ಹುಟ್ಟು ಒಳಗೆಳೆದು ಸುಮ್ಮನೆ ಕುಳಿತಳು. ಕಾಲು ಗಂಟೆ, ಅರ್ಧ ಗಂಟೆ. ಕೃಷ್ಣರಾಜ ಕೂಗಿದ. ಅವಳು ತಿರುಗಲಿಲ್ಲ. ಒಂದು ತಾಸಾದ ಮೇಲೆ ದಡಕ್ಕೆ ಬಂದು ಮೋನಪ್ಪನಿಗೆ, "ಹತ್ತಿ" ಎಂದಳು.

ಈಜು ಬಾರದ ಮೋನಪ್ಪ ಎರಡೂ ಅಂಚು ಹಿಡಿದು ಕುಳಿತ. ನಡುನೀರಿಗೆ ಹೋದ ಮೇಲೆ ಕೇಳಿದ: "ದೋಣಿ ಹ್ಯಾಂಗಿತ್ತ್?"

"ದೋಣಿ ಲಾಯ್ಕಿತ್ತ್. ಅಪ್ಪಯ್ಯ ಕಂಡಿದ್ರೂ ತಪ್ಪು ಹೇಳ್ತಿರ್ಲಿಲ್ಲೆ."

"ಮತ್ತೆ?"

"ಆ ಹೊತ್ತಿಂದ ಕಾಂತಿದ್ದೆ. ಬಿಟ್ಟಲ್ಲೇ ಇತ್ತ್. ಒಂದ್ ಗೇಣ್ ಆಚೆ ಈಚೆ ಹೋಯಿಲ್ಲೆ. ನಮ್ಮ ಹೊಳೆ ಆಗಿದ್ರೆ ಇಷ್ಟ್ ಹೊತ್ತಿಗೆ ಇಳಿತಕ್ಕೆ ಎಲ್ಲಿಗೋ ಕರ್ಕಂಡ್ ಹೋತಿತ್ತ್." ಹುಟ್ಟಿನಿಂದ ನೀರು ತೊಟ್ಟಿಕ್ಕುವುದನ್ನೇ ನೋಡುತ್ತ ಹೇಳಿದಳು: "ನೀವ್ ಕೈ ಸುಟ್ಕಂಡ್ ಮಾಡ್ಕೊಟ್ಟದ್ದ್ ನಂಗೊತ್ತಿತ್ತ್. ಆದರೂ ಊರಿಗೆ ಹೋಯ್ಕ್ ಅಂಬುದ್ ಹೋಪುದಿಲ್ಲೆ. ಎಂತ ಮಾಡುದ್?"

ಮೋನಪ್ಪ ಒಂದು ಕೈಯನ್ನು ಅಂಚಿನಿಂದ ಬಿಡಿಸಿ ಅಂಗೈಯ ಕಲೆ ನೋಡಿಕೊಂಡ. ಕೊನೆಗೆ, "ಹೋಗಿ ಬಾ" ಎಂದ.

*

ಸಂಕ್ರಾಂತಿ ಕಳೆದ ಮೇಲೆ ಅಮ್ಮಣ್ಣಿ ಮಂಗಳೂರು ಮೇಲ್ ರೈಲು ಹತ್ತಿದಳು. ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು. ಎರಡು ತಿಂಗಳೆಂದು ಹೋದವಳು. ಹೊರಡುವಾಗ ಗಂಡನಿಗೆ ಹೇಳಿದ್ದು ಒಂದೇ: "ಮರ ಒಣಗುಕೆ ಬಿಡಬೇಡಿ. ಒಣಗಿರೆ ಸಂದಿ ಬಿಡತ್ತ್."

ಮಾರ್ಚಿನಲ್ಲಿ ಕಾಗದ ಬಂತು. ಶೀನನ ಹೆಂಡತಿಗೆ ಬಾಣಂತನ, ಇನ್ನೊಂದು ತಿಂಗಳು. ಏಪ್ರಿಲಿನಲ್ಲಿ ಬಂದ ಕಾಗದದಲ್ಲಿ ತಿಂಗಳಿನ ಮಾತೇ ಇರಲಿಲ್ಲ. ಹೊಳೆಯಲ್ಲಿ ಮಳಿಯ ಚಿಪ್ಪು ತೆಗೆಯುತ್ತಿದ್ದಾರೆ, ಹಲಸು ಒಳ್ಳೆ ಬಂದಿದೆ, ತಾನೇ ಪ್ರತಿದಿನ ಕಡವಿಗೆ ಹೋಗುತ್ತಿದ್ದೇನೆ ಎಂದು ಬರೆಸಿದ್ದಳು.

"ಅಮ್ಮ ಬರ್ತಾಳೋ ಇಲ್ವೋ?" ಎಂದ ಕೃಷ್ಣರಾಜ ಕಾಗದ ಮಡಚುತ್ತ. ಆ ದಿನ ಸಾರಿಗೆ ಉಪ್ಪಿರಲಿಲ್ಲ, ಎಲ್ಲರೂ ಹಾಗೇ ಉಂಡೆದ್ದರು.

ಬಿಸಿಲಿಗೆ ಕೆರೆ ಹಿಂದೆ ಸರಿಯಿತು. ಮೇ ಹೊತ್ತಿಗೆ ದೋಣಿ ಬಿರುಕು ಬಿಟ್ಟ ಕೆಸರಿನ ಮೇಲೆ ಕೂತಿತ್ತು. ಮೋನಪ್ಪ ಅದರ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದ. ಬಾವಿಯಿಂದ ದಿನಕ್ಕೆ ಎಂಟು ಕೊಡ ನೀರು ಹೊತ್ತು ಒಳಗೆ ಸುರಿದ. ದಾರಿಹೋಕರು ನಿಂತು, "ಪೆರಿಯವರೇ, ನೀರಿನಲ್ಲಿ ದೋಣಿ ಇರಬೇಕೋ, ದೋಣಿಯಲ್ಲಿ ನೀರೋ?" ಎಂದು ನಕ್ಕರು. ಅವನಿಗೆ ಸಿಟ್ಟು ಬರಲಿಲ್ಲ. ಸುರಿದಾದ ಮೇಲೆ ಅಂಚಿಗೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಿರುತ್ತಿದ್ದ. ಮರ ಒದ್ದೆಯಾದಾಗ ಆ ಹೆಬ್ಬಲಸಿನ ವಾಸನೆ ಬರುತ್ತಿತ್ತು.

ಒಂದು ದಿನ ಎಂಟನೆಯ ಕೊಡ ಹೊತ್ತು ಬರುವಾಗ ಅವನ ಕಾಲು ತಪ್ಪಿತು. ಕೊಡ ಒಡೆಯಿತು. ವಿನೋದಾ ಓಡಿಬಂದು ಎಬ್ಬಿಸಿದಳು. ಅವನ ಮೊಣಕಾಲಿನ ಮಣ್ಣು ಒರೆಸುತ್ತ ಅವಳು ಒಮ್ಮೆಲೇ ಗದರಿದಳು:

"ಮಾವ, ಇಲ್ಲಿ ದಿನಾ ನೀರು ಹೊತ್ತು ಏನು ಸಾಧಿಸ್ತೀರಿ? ನೀವೂ ಹೋಗಿ. ಅತ್ತೆಗೆ ಮಾತು ಕೊಟ್ಟವರು ನೀವು ತಾನೇ?"

"ಇದಕ್ಕೆ—" ಎಂದು ಅವನು ದೋಣಿಯ ಕಡೆ ಕೈ ತೋರಿಸಿದ.

"ಅದನ್ನ ನಾನು ನೋಡ್ಕೋತೀನಿ. ನೀವು ಟ್ರಂಕ್ ತೆಗೀರಿ."

ಜೂನ್ ಕೊನೆಗೆ, ಮಂಗಳೂರಿನಿಂದ ಬಸ್ಸು, ನಡುವೆ ಎರಡು ಕಡವು ದಾಟಿ, ಮೋನಪ್ಪ ಸುರಿಯುವ ಮಳೆಯಲ್ಲಿ ಆ ಹೊಳೆಯ ದಡಕ್ಕೆ ಬಂದು ನಿಂತ. ಬರುವುದಾಗಿ ಯಾರಿಗೂ ಬರೆದಿರಲಿಲ್ಲ. ಆಚೆಯಿಂದ ಒಂದು ದೋಣಿ ಬರುತ್ತಿತ್ತು, ಮಳೆಗೆ ಓಲೆಯ ಗೊರಬು ಹೊದ್ದ ಒಬ್ಬಳು ಹೆಂಗಸು ನಿಂತೇ ಬಿದಿರಿನ ಜಲ್ಲೆ ಹಾಕುತ್ತಿದ್ದಳು. ದಡ ತಾಗುವವರೆಗೂ ಅವಳು ಅವನನ್ನು ಗುರುತಿಸಲಿಲ್ಲ. ಗುರುತಿಸಿದ ಮೇಲೆ, ಒದ್ದೆಯಾಗಿ ಟ್ರಂಕು ಹಿಡಿದು ನಿಂತ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅಲ್ಲಿ ದೋಣಿಗೆ ನೀರ್ ಯಾರ್ ಹಾಕುದ್?"

"ವಿನೋದಾ."

ಅಮ್ಮಣ್ಣಿ ಜಲ್ಲೆಯನ್ನು ನೆಲಕ್ಕೆ ಊರಿ ದೋಣಿ ಅಲುಗದಂತೆ ಹಿಡಿದಳು.

"ಹತ್ತಿ," ಎಂದಳು. "ನಡುವಲ್ಲಿ ಕೂಕಣಿ. ಇಲ್ಲಿ ನೀರ್ ಎಳಿತ್ತ್."